ಪಾಸ್‌ಪೋರ್ಟಿನ ಆಯುಷ್ಯ

ನಮ್ಮ ಬೊರಿವಲಿಯಲ್ಲಿ ಕನ್ನಡಿಗರ ಮನೆಗಳನ್ನು ಎಣಿಸುತ್ತ ಹೋದರೆ ಮಗನೋ, ಮಗಳೋ, ಅಳಿಯನೋ ಪರದೇಶದಲ್ಲಿಲ್ಲದ ಮನೆ ಸಿಕ್ಕುವುದು ದಿನದಿನಕ್ಕೆ ಅಪರೂಪವಾಗುತ್ತಿದೆ. ಒಂದು ಕಾಲಕ್ಕೆ ಕರಾವಳಿಯ ಹುಡುಗರಿಗೆ ಮುಂಬಯಿಯೇ ಪರದೇಶವಾಗಿದ್ದಿತು. ಅವರಲ್ಲಿ ಧೈರ್ಯವಂತರು ಇಲ್ಲಿಂದ ಹಡಗು ಹತ್ತಿ ಕೊಲ್ಲಿಯ ನಾಡುಗಳಿಗೆ ಹೋದರು. ‘ದ್ವಾರಕಾ’ ಎಂಬ ಹಡಗು 1982ರವರೆಗೂ ಮುಂಬಯಿ ಬಂದರಿನಿಂದ ಆ ಕಡೆಗೆ ಜನರನ್ನು ಹೊತ್ತು ಓಡಾಡುತ್ತಿದ್ದಿತು. ಈಗ ಮಕ್ಕಳು ಹೋಗುವುದಿರಲಿ, ಮಕ್ಕಳನ್ನು ನೋಡಲು ಹಿರಿಯರೂ ವಿಮಾನ ಹತ್ತುತ್ತಾರೆ. ಹಪ್ಪಳ ಸಂಡಿಗೆಯ ಡಬ್ಬ, ಉಪ್ಪಿನಕಾಯಿಯ ಭರಣಿ, ಮೊಮ್ಮಗುವಿಗೆ ಬೆಳ್ಳಿಯ ಲೋಟ, ಇವೆಲ್ಲವನ್ನೂ ತಿಂಗಳ ಮೊದಲೇ ಸಿದ್ಧಪಡಿಸಿ ತೂಕ ಮಾಡಿ ನೋಡುವ ನಾವು ಒಂದು ವಸ್ತುವನ್ನು ಮಾತ್ರ ಹೊರಡುವ ಹಿಂದಿನ ರಾತ್ರಿ ಕಪಾಟಿನಿಂದ ಹೊರಗೆ ತೆಗೆಯುತ್ತೇವೆ. ಅದೇ ಪಾಸ್‌ಪೋರ್ಟು. ವಿಮೆಯ ಪಾಲಿಸಿ ಮತ್ತು ಬ್ಯಾಂಕಿನ ಠೇವಣಿ ರಸೀದಿಗಳ ನಡುವೆ ಅದು ವರ್ಷಗಟ್ಟಲೆ ನಿದ್ರಿಸುತ್ತಿರುತ್ತದೆ. ತೆಗೆದು ಮುಗಿಯುವ ತಾರೀಖನ್ನು ನೋಡಿ, “ಇನ್ನೂ ಇದೆ” ಎಂದು ಸಮಾಧಾನ ಪಟ್ಟುಕೊಂಡು ಚೀಲಕ್ಕೆ ಹಾಕುತ್ತೇವೆ.

ಈ “ಇನ್ನೂ ಇದೆ” ಎಂಬ ಮಾತಿನ ವಿಷಯವಾಗಿಯೇ ಈ ಲೇಖನ.

ಪಾಸ್‌ಪೋರ್ಟಿನ ಮೇಲೆ ಅಚ್ಚಾಗಿರುವ ಕೊನೆಯ ತಾರೀಖನ್ನು ನಾವು ಹಾಲಿನ ಚೀಲದ ಮೇಲಿನ ತಾರೀಖಿನಂತೆ ಓದುತ್ತೇವೆ. ಆ ದಿನದವರೆಗೆ ನಡೆಯುತ್ತದೆ, ಮರುದಿನದಿಂದ ಇಲ್ಲ. ನಮ್ಮ ಸರಕಾರದ ಮಟ್ಟಿಗೆ ಅದು ನಿಜವೇ. ಆದರೆ ನಾವು ಹೋಗುವ ದೇಶದ ಲೆಕ್ಕ ಬೇರೆ. ಬಹಳಷ್ಟು ದೇಶಗಳು, ತಮ್ಮ ನೆಲದಲ್ಲಿ ಕಾಲಿಡುವ ದಿನ ಪಾಸ್‌ಪೋರ್ಟಿಗೆ ಇನ್ನೂ ಕನಿಷ್ಠ ಆರು ತಿಂಗಳ ಆಯುಷ್ಯ ಉಳಿದಿರಬೇಕೆಂದು ಕೇಳುತ್ತವೆ. ಎಂದರೆ ಆ ದೇಶಗಳ ಪ್ರಯಾಣಕ್ಕೆ ಪಾಸ್‌ಪೋರ್ಟು ಅಚ್ಚಾದ ತಾರೀಖಿಗಿಂತ ಆರು ತಿಂಗಳು ಮೊದಲೇ ಮುಗಿದುಹೋಗುತ್ತದೆ. ಹತ್ತು ವರ್ಷದ ಪುಸ್ತಕ ನಿಜವಾಗಿ ಒಂಬತ್ತೂವರೆ ವರ್ಷದ್ದು. ಈ ಮಾತು ಪುಸ್ತಕದ ಯಾವ ಪುಟದಲ್ಲಿಯೂ ಬರೆದಿರುವುದಿಲ್ಲ. ಬರೆಯುವುದು ಸಾಧ್ಯವೂ ಅಲ್ಲ, ಏಕೆಂದರೆ ಅದು ನಮ್ಮ ಸರಕಾರದ ನಿಯಮವಲ್ಲ.

ಶಿಂಪೋಲಿ ರಸ್ತೆಯ ಕಡೆ ಇರುವ ನಮ್ಮ ಪರಿಚಯದ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕು. ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು, ಉಡುಪಿಯ ಕಡೆಯವರು. ಮಗಳು ಮಲೇಶಿಯಾದ ಕೌಲಾಲಂಪುರದಲ್ಲಿದ್ದಾಳೆ. ಚೊಚ್ಚಲ ಹೆರಿಗೆ. ಬಾಣಂತನಕ್ಕೆಂದು ಗಂಡ ಹೆಂಡತಿ ಇಬ್ಬರೂ ಅಕ್ಟೋಬರ್ 12ರ ವಿಮಾನಕ್ಕೆ ಟಿಕೀಟು ಮಾಡಿಸಿದ್ದರು. ಬಜೆ, ಜಾಯಿಕಾಯಿ, ಬಾಣಂತಿ ಲೇಹ್ಯ, ಮಗುವಿಗೆ ಸುತ್ತಲು ಹಳೆಯ ಮೆತ್ತನೆಯ ಸೀರೆಯ ತುಂಡುಗಳು, ಎಲ್ಲವೂ ಪೆಟ್ಟಿಗೆ ಸೇರಿದ್ದವು. ವಿಮಾನ ನಿಲ್ದಾಣದಲ್ಲಿ ಯಜಮಾನರ ಪಾಸ್‌ಪೋರ್ಟು ನೋಡಿ ಸರಿ ಎಂದರು. ಆಕೆಯದನ್ನು ನೋಡಿದ ಹುಡುಗಿ ಎರಡು ಸಲ ತಿರುವಿ ಹಾಕಿ, ಮೇಲಿನವರನ್ನು ಕರೆದಳು. ಅದು ಮುಗಿಯುವುದು ಮಾರ್ಚ್ 2ಕ್ಕೆ. ಎಣಿಸಿದರೆ 4 ತಿಂಗಳು 18 ದಿನ. ಬೇಕಾದುದು ಆರು ತಿಂಗಳು. ಪೆಟ್ಟಿಗೆಗಳು ಪಟ್ಟಿಯ ಮೇಲಿಂದ ಕೆಳಗಿಳಿದವು.

“ನಾವು ಹೋಗಿ ಬರುವುದು ಬರೇ ಇಪ್ಪತ್ತೆಂಟು ದಿನ. ಪಾಸ್‌ಪೋರ್ಟಿಗೆ ನಾಲ್ಕು ತಿಂಗಳು ಉಂಟಲ್ಲ ಮಾರಾಯ್ರೆ! ಇದು ಯಾವ ನ್ಯಾಯ?” ಎಂದು ಅವರು ಮರುದಿನ ನಮ್ಮೆದುರು ಕುಳಿತು ಕೇಳಿದರು. ಅವರೊಬ್ಬರೇ ಹೋಗಬಹುದಿತ್ತು, ವಿಮಾನದವರೂ ಹಾಗೆಂದಿದ್ದರಂತೆ. “ಬಾಣಂತನಕ್ಕೆ ನಾನೊಬ್ಬ ಹೋಗಿ ಮಾಡುವುದೇನು?” ಎಂದು ಅವರೂ ಹಿಂದಿರುಗಿದ್ದರು. ಆಕೆ ಮಾತನಾಡಲಿಲ್ಲ. ಕಟ್ಟಿದ ಪೆಟ್ಟಿಗೆಯನ್ನು ಬಿಚ್ಚಲೂ ಇಲ್ಲ. ತತ್ಕಾಲ್ ಕ್ರಮದಲ್ಲಿ ಅರ್ಜಿ ಹಾಕಿ, ಹೊಸ ಪುಸ್ತಕ ಅಂಚೆಯಲ್ಲಿ ಬಂದು, ಮತ್ತೆ ಟಿಕೀಟು ಮಾಡಿಸಿ ಅವರು ಅಲ್ಲಿ ಇಳಿಯುವ ಹೊತ್ತಿಗೆ ಮಗು ಹುಟ್ಟಿ ಆರು ದಿನಗಳಾಗಿದ್ದವು. ಎರಡನೆಯ ಸಲದ ಟಿಕೀಟಿಗೆ ಕೊಟ್ಟ ಹಣವನ್ನು ಯಜಮಾನರು ಈಗಲೂ ಲೆಕ್ಕ ಹೇಳುತ್ತಾರೆ. ಆಕೆ ಹೇಳುವುದು ಆ ಆರು ದಿನಗಳನ್ನು.

ಇದರಲ್ಲಿ ಕಿಟಕಿಯ ಆ ಹುಡುಗಿಯ ತಪ್ಪೇನೂ ಇಲ್ಲವೆಂಬುದು ನಮ್ಮ ಅಭಿಪ್ರಾಯ. ನಾವೂ ಸರಕಾರೀ ಕಚೇರಿಯಲ್ಲಿ ಕಿಟಕಿಯ ಒಳಗೆ ಕುಳಿತುಕೊಳ್ಳುವವರಾದುದರಿಂದ ಹೀಗೆ ಹೇಳುತ್ತೇವೆಂದು ವಾಚಕರು ನಗಬಹುದು. ಆದರೆ ಸಂಗತಿ ಹೀಗಿದೆ: ಪ್ರಯಾಣಿಕನ ಕಾಗದಪತ್ರ ಸರಿಯಿಲ್ಲದೆ ಆ ದೇಶ ಅವನನ್ನು ಒಳಗೆ ಬಿಡದಿದ್ದರೆ ಅವನನ್ನು ಹಿಂದಕ್ಕೆ ಕರೆತರುವ ಹೊಣೆ ಕರೆದೊಯ್ದ ವಿಮಾನ ಸಂಸ್ಥೆಯದು. 1944ರಲ್ಲಿ ಶಿಕಾಗೋದಲ್ಲಿ ಆದ ಅಂತರರಾಷ್ಟ್ರೀಯ ವಿಮಾನಯಾನ ಒಪ್ಪಂದದ ಒಂಬತ್ತನೆಯ ಅನುಬಂಧವೇ ಇದನ್ನು ಹೇಳುತ್ತದೆ. ಅದರ ಮೇಲೆ ಹಲವು ದೇಶಗಳು ದಂಡವನ್ನೂ ಹಾಕುತ್ತವೆ. ನಮ್ಮ ದೇಶದಲ್ಲಿಯೂ 2000ದಲ್ಲಿ ಕಾಯ್ದೆ ಮಾಡಿ, ಸರಿಯಾದ ದಾಖಲೆಯಿಲ್ಲದವರನ್ನು ಕರೆತಂದ ವಿಮಾನದವರಿಗೆ ಒಂದು ಲಕ್ಷ ರೂಪಾಯಿ ದಂಡವೆಂದು ಗೊತ್ತುಮಾಡಿದ್ದರು. ಈಗ ಅದರ ಸ್ಥಾನಕ್ಕೆ 2025ರ ಹೊಸ ವಲಸೆ ಕಾಯ್ದೆ ಬಂದಿದೆ. ಹೀಗಿರುವಾಗ ಕಿಟಕಿಯಲ್ಲಿ ಕುಳಿತವರು ದಯೆ ತೋರಿಸುವುದೆಂತು? ಅವರು ನೋಡುವುದು ‘ಟಿಮ್ಯಾಟಿಕ್’ ಎಂಬ ಮಾಹಿತಿ ಭಂಡಾರವನ್ನು. ಯಾವ ದೇಶಕ್ಕೆ ಯಾವ ದೇಶದ ಪಾಸ್‌ಪೋರ್ಟಿಗೆ ಏನು ಬೇಕೆಂಬುದು ಅದರಲ್ಲಿರುತ್ತದೆ. ಅದು “ಆರು ತಿಂಗಳು” ಎಂದರೆ ಐದು ತಿಂಗಳು ಇಪ್ಪತ್ತೊಂಬತ್ತು ದಿನಕ್ಕೂ ಬಾಗಿಲು ಮುಚ್ಚಿದಂತೆಯೇ.

ಮಲೇಶಿಯಾದ ಸಂಗತಿಯಲ್ಲಿ ಇನ್ನೊಂದು ಸೂಕ್ಷ್ಮವುಂಟು. ಮೊದಲು ವೀಸಾಕ್ಕೆ ಅರ್ಜಿ ಹಾಕುವಾಗಲೇ ಪಾಸ್‌ಪೋರ್ಟಿನ ಆಯುಷ್ಯವನ್ನು ಯಾರಾದರೊಬ್ಬರು ನೋಡುತ್ತಿದ್ದರು. ಕೊರತೆಯಿದ್ದರೆ ಅಲ್ಲಿಯೇ ಅರ್ಜಿ ಹಿಂದೆ ಬರುತ್ತಿತ್ತು. ತಿದ್ದಿಕೊಳ್ಳಲು ವಾರಗಳ ಅವಕಾಶವಿರುತ್ತಿತ್ತು. 2023ರ ನವೆಂಬರಿನಲ್ಲಿ ಥಾಯ್ಲೆಂಡು, ಡಿಸೆಂಬರ್ 1ರಿಂದ ಮಲೇಶಿಯಾ, ನಮ್ಮವರು ವೀಸಾ ಇಲ್ಲದೆಯೇ ಬರಬಹುದೆಂದು ಸಾರಿದವು. ಎಲ್ಲರೂ ಸಂತೋಷ ಪಟ್ಟರು. ಆದರೆ ವೀಸಾ ಹೋದುದರೊಡನೆ ಆ ಮೊದಲ ತಪಾಸಣೆಯೂ ಹೋಯಿತು. ಈಗ ತಾರೀಖನ್ನು ಮೊದಲ ಸಲ ಬೇರೆಯವರು ನೋಡುವುದು ವಿಮಾನ ನಿಲ್ದಾಣದಲ್ಲಿಯೇ, ಪೆಟ್ಟಿಗೆ ತೂಗುವ ಹೊತ್ತಿಗೆ. ವೀಸಾ ಬೇಡದ ದೇಶಕ್ಕೆ ಹೊರಡುವವರು ಆದುದರಿಂದ ಹೆಚ್ಚು ಜಾಗರೂಕರಾಗಿರಬೇಕು.

ಯಜಮಾನರ ಪ್ರಶ್ನೆಗೆ, ಇದು ಯಾವ ನ್ಯಾಯವೆಂಬುದಕ್ಕೆ, ಉತ್ತರ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಅತಿಥಿ ಬಂದ ಮೇಲೆ ಹೇಳಿದ ದಿನಕ್ಕೇ ಹೊರಡುತ್ತಾನೆಂಬ ಭರವಸೆ ಯಾವ ದೇಶಕ್ಕೂ ಇಲ್ಲ. ಕಾಯಿಲೆ ಬೀಳಬಹುದು, ಕಾಲು ಮುರಿದುಕೊಳ್ಳಬಹುದು, ವಿಮಾನವೇ ನಿಂತುಹೋಗಬಹುದು. ಅಷ್ಟರಲ್ಲಿ ಪಾಸ್‌ಪೋರ್ಟು ಮುಗಿದರೆ ಅವನನ್ನು ಹಿಂದಕ್ಕೆ ಕಳುಹಿಸಲು ಕಾಗದವೇ ಇಲ್ಲದಂತಾಗುತ್ತದೆ. ಇದೆಲ್ಲ ಕಾಗದದ ಮೇಲಿನ ಭಯವೆಂದು ತಿಳಿದಿದ್ದವರಿಗೆ 2020ನೇ ಇಸವಿ ಪಾಠ ಕಲಿಸಿತು. ಆ ವರ್ಷ ಮಾರ್ಚ್ 23ರಿಂದ ನಮ್ಮ ದೇಶಕ್ಕೆ ಬರುವ ಅಂತರರಾಷ್ಟ್ರೀಯ ವಿಮಾನಗಳು ನಿಂತವು; ‘ವಂದೇ ಭಾರತ್’ ವಿಮಾನಗಳು ಹೊರಟದ್ದು ಮೇ 7ರಿಂದ; ಮಾಮೂಲು ಸಂಚಾರ ಮರಳಿ ಆರಂಭವಾದದ್ದು 2022ರ ಮಾರ್ಚ್ 27ರಂದು. ಬಾಣಂತನಕ್ಕೆ ಹೋದ ಎಷ್ಟೋ ತಾಯಂದಿರು ಮೊಮ್ಮಗು ಅಂಬೆಗಾಲಿಡುವವರೆಗೂ ಅಲ್ಲಿಯೇ ಉಳಿಯಬೇಕಾಯಿತು. ಅಂಥ ಹೊತ್ತಿಗೆ ಆರು ತಿಂಗಳ ಹೆಚ್ಚುವರಿ ಆಯುಷ್ಯ ದೊಡ್ಡದೇನೂ ಅಲ್ಲ.

ಎಲ್ಲ ದೇಶಗಳ ಲೆಕ್ಕವೂ ಒಂದೇ ಆಗಿದ್ದರೆ ಈ ಲೇಖನವನ್ನು ಇಲ್ಲಿಗೇ ಮುಗಿಸಬಹುದಿತ್ತು. ಸಿಂಗಪುರ, ಮಲೇಶಿಯಾ, ಇಂಡೋನೇಶಿಯಾ, ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಾ ಇವು ಆರು ತಿಂಗಳು ಕೇಳುತ್ತವೆ. ಎಣಿಕೆ ಸಾಮಾನ್ಯವಾಗಿ ಅಲ್ಲಿ ಇಳಿಯುವ ದಿನದಿಂದ. ಯುರೋಪಿನಲ್ಲಿ ಶೆಂಗೆನ್ ಒಪ್ಪಂದಕ್ಕೆ ಸೇರಿದ 29 ದೇಶಗಳು ಕೇಳುವುದು ಮೂರೇ ತಿಂಗಳು. ಆದರೆ ಅವರ ಎಣಿಕೆ ಇಳಿಯುವ ದಿನದಿಂದಲ್ಲ, ಅಲ್ಲಿಂದ ಹೊರಡುವ ದಿನದಿಂದ. ಜೂನ್ 20ರಂದು ಫ್ರಾಂಕ್‌ಫರ್ಟಿನಿಂದ ಹಿಂದಿರುಗುವವರ ಪಾಸ್‌ಪೋರ್ಟು ಸೆಪ್ಟೆಂಬರ್ 20ರವರೆಗಾದರೂ ಜೀವಂತವಾಗಿರಬೇಕು. ಬ್ರಿಟನ್ನು ಮತ್ತು ಜಪಾನು ಇನ್ನೂ ಉದಾರ: ಅಲ್ಲಿ ಇರುವಷ್ಟು ದಿನಕ್ಕೆ ಆಯುಷ್ಯವಿದ್ದರೆ ಸಾಕು. ಹಾಗೆಂದು ಲಂಡನ್ನಿಗೆ ಹೋಗುವವರು ನಿಶ್ಚಿಂತರಾಗಬೇಕಾಗಿಲ್ಲ. ದಾರಿಯಲ್ಲಿ ದುಬೈಯಲ್ಲಿ ಎರಡು ದಿನ ಇಳಿದು ತಂಗಿಯ ಮನೆಯಲ್ಲಿ ಊಟ ಮಾಡಿಕೊಂಡು ಹೋಗುವ ಯೋಚನೆಯಿದ್ದರೆ ದುಬೈಯ ನಿಯಮವೇ ನಡೆಯುತ್ತದೆ. ಕೈಲಾಸ ಮಾನಸ ಸರೋವರದ ಸರಕಾರೀ ಯಾತ್ರೆಗೂ ಆರು ತಿಂಗಳ ಆಯುಷ್ಯವುಳ್ಳ ಪಾಸ್‌ಪೋರ್ಟು ಬೇಕು. ಪಶುಪತಿನಾಥನ ದರ್ಶನಕ್ಕೆ ನೇಪಾಳಕ್ಕೆ ಹೋಗುವವರಿಗೆ ಮಾತ್ರ ಈ ತಾಪತ್ರಯವಿಲ್ಲ. ಚುನಾವಣಾ ಆಯೋಗದ ಗುರುತಿನ ಚೀಟಿಯಿದ್ದರೂ ನಡೆಯುತ್ತದೆ.

ಅಮೆರಿಕದ ಸಂಗತಿಯನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಮನೆಗಳಿಂದ ಹಿರಿಯರು ದೀರ್ಘಕಾಲಕ್ಕೆ ಹೋಗುವುದು ಅಲ್ಲಿಗೇ ಹೆಚ್ಚು. ಅಲ್ಲಿನ ಸಂದರ್ಶಕ ವೀಸಾ ನಮ್ಮವರಿಗೆ ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಸಿಕ್ಕುತ್ತದೆ. ಆದರೆ ವೀಸಾ ಎಂಬುದು ಬಾಗಿಲು ತಟ್ಟುವ ಅನುಮತಿ ಮಾತ್ರ. ಎಷ್ಟು ದಿನ ಇರಬಹುದೆಂಬುದನ್ನು ಇಳಿದ ನಿಲ್ದಾಣದಲ್ಲಿ ಅಧಿಕಾರಿ ಗೊತ್ತುಮಾಡುತ್ತಾನೆ. ಹಿರಿಯರಿಗೆ ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಪಾಸ್‌ಪೋರ್ಟು ಅದಕ್ಕೆ ಮೊದಲೇ ಮುಗಿಯುವಂತಿದ್ದರೆ ವಾಸದ ಅವಧಿಯನ್ನೂ ಆ ದಿನಕ್ಕೇ ಕತ್ತರಿಸಿಬಿಡುವುದುಂಟು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಲಾಖೆಯ ದಾಖಲೆಯಲ್ಲಿ ಬರೆದಿರುತ್ತದೆ, ಅಷ್ಟೆ. ಆರು ತಿಂಗಳೆಂದು ನಂಬಿ ಕುಳಿತವರು ಅವಧಿ ಮೀರಿದವರಾಗುತ್ತಾರೆ. ಮುಂದಿನ ಸಲದ ವೀಸಾಕ್ಕೆ ಅದು ಕಲ್ಲಾಗುತ್ತದೆ. ಇಳಿದ ವಾರದೊಳಗೆ ಮಕ್ಕಳಿಂದ ‘ಐ-94’ ಎಂಬ ಆ ದಾಖಲೆಯನ್ನು ತೆಗೆಸಿ ತಾರೀಖನ್ನು ಓದಿಸಿಕೊಳ್ಳುವುದು ಒಳ್ಳೆಯದು. ಕೆನಡಾದವರು ವೀಸಾವನ್ನೇ ಪಾಸ್‌ಪೋರ್ಟಿನ ಆಯುಷ್ಯಕ್ಕಿಂತ ಮುಂದಕ್ಕೆ ಕೊಡುವುದಿಲ್ಲ. ಮುಗಿಯುತ್ತ ಬಂದ ಪುಸ್ತಕದಲ್ಲಿ ಅರ್ಜಿ ಹಾಕಿದರೆ ದೊರೆಯುವುದು ಮೊಂಡು ವೀಸಾ.

ಇನ್ನು ಮಕ್ಕಳ ವಿಷಯ. ಕುಟುಂಬಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ದೊಡ್ಡವರ ಪಾಸ್‌ಪೋರ್ಟಿಗೆ ಹತ್ತು ವರ್ಷ. ಮಕ್ಕಳದಕ್ಕೆ ಐದೇ ವರ್ಷ, ಅಥವಾ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅದು. ಹದಿನೈದು ದಾಟಿದವರು ಬಯಸಿದರೆ ಹತ್ತು ವರ್ಷದ್ದನ್ನೇ ಪಡೆಯಬಹುದು. ಗಂಡ ಹೆಂಡತಿ ಮಗು ಮೂವರಿಗೂ ಒಂದೇ ದಿನ ಪಾಸ್‌ಪೋರ್ಟು ಮಾಡಿಸಿದ್ದರೆ, ಒಂದೇ ದಿನ ಮುಗಿಯುತ್ತದೆಂದು ಮನಸ್ಸು ತಾನೇ ತಿಳಿದುಕೊಳ್ಳುತ್ತದೆ. ನಾಲ್ಕೂವರೆ ವರ್ಷ ಕಳೆದ ಮೇಲೆ ರಜೆಗೆ ಸಿಂಗಪುರಕ್ಕೆ ಹೊರಟರೆ ತಂದೆ ತಾಯಿಯದು ಗಟ್ಟಿಯಾಗಿರುತ್ತದೆ, ಮಗುವಿನದು ಕೈಕೊಡುತ್ತದೆ. ಏಳು ವರ್ಷದ ಹುಡುಗನನ್ನು ಬೊರಿವಲಿಯಲ್ಲಿ ಬಿಟ್ಟು ಯಾರು ವಿಮಾನ ಹತ್ತುತ್ತಾರೆ? ಒಬ್ಬರ ಕೊರತೆಗೆ ಎಲ್ಲರ ಟಿಕೀಟೂ ಹೋಗುತ್ತದೆ.

ಹೊಸದನ್ನು ಮಾಡಿಸಲು ಎಷ್ಟು ಮೊದಲು ಅರ್ಜಿ ಹಾಕಬಹುದು? ಮುಗಿಯಲು ಒಂದು ವರ್ಷ ಇರುವಾಗಿನಿಂದ ಹಾಕಬಹುದು. ನಮ್ಮವರು ಹಾಕುವುದಿಲ್ಲ. ಕಾರಣ ಕೇಳಿದರೆ, ಉಳಿದ ತಿಂಗಳುಗಳು ನಷ್ಟವಾಗುತ್ತವಲ್ಲ ಎನ್ನುತ್ತಾರೆ. ನಿಜ, ಹಳೆಯದರಲ್ಲಿ ಉಳಿದ ಆಯುಷ್ಯವನ್ನು ಹೊಸದಕ್ಕೆ ಕೂಡಿಸುವುದಿಲ್ಲ, ಕೊಟ್ಟ ದಿನದಿಂದ ಹೊಸ ಹತ್ತು ವರ್ಷ. ಆದರೆ ಲೆಕ್ಕ ಹಾಕಿ ನೋಡೋಣ. 36 ಪುಟದ ಪುಸ್ತಕಕ್ಕೆ ಶುಲ್ಕ 1500 ರೂಪಾಯಿ. ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 150. ಆರು ತಿಂಗಳು ಕಳೆದುಕೊಂಡರೆ ನಷ್ಟ 75 ರೂಪಾಯಿ. ಈ 75 ರೂಪಾಯಿ ಉಳಿಸಹೋಗಿ ನಮ್ಮ ಬ್ಯಾಂಕಿನ ಯಜಮಾನರು ತತ್ಕಾಲಿಗೆ ಹೆಚ್ಚುವರಿಯಾಗಿ 2000 ತೆತ್ತರು, ಎರಡು ಟಿಕೀಟುಗಳ ಮಾತು ಹಾಗಿರಲಿ. ಆಯುಷ್ಯವೆಲ್ಲ ಲೆಕ್ಕಪತ್ರ ತಿದ್ದುವುದರಲ್ಲಿಯೇ ಕಳೆದವರು ಅವರು!

ಅರ್ಜಿಯ ಕೆಲಸವೂ ಹಿಂದಿನಷ್ಟು ಕಷ್ಟದ್ದಲ್ಲ. ಹಿಂದೆ ವರಳಿಯಲ್ಲಿದ್ದ ಕಚೇರಿಯ ಎದುರಿನ ಸಾಲುಗಳನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. 2010ರಲ್ಲಿ ಪ್ರಯೋಗಾರ್ಥವಾಗಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳನ್ನು ಆರಂಭಿಸಿದ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು. ಅಂಚೆಕಚೇರಿಯಲ್ಲಿಯೇ ಈ ಕೆಲಸ ಮಾಡುವ ಏರ್ಪಾಡಿನ ಮೊದಲ ಪ್ರಯೋಗವೂ 2017ರ ಜನವರಿ 25ರಂದು ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದಿನಲ್ಲಿ ನಡೆಯಿತು. ಮುಂಬಯಿಯ ಪ್ರಾದೇಶಿಕ ಕಚೇರಿ ಅದೇ ವರ್ಷ ಬಾಂದ್ರಾ-ಕುರ್ಲಾ ಸಂಕೀರ್ಣದ ‘ವಿದೇಶ ಭವನ’ಕ್ಕೆ ಹೋಯಿತು. ನಮಗೆ ಹತ್ತಿರವಾದದ್ದು ಮಲಾಡಿನ ಸೇವಾ ಕೇಂದ್ರ. ಬೊರಿವಲಿಯಲ್ಲಿ ನಿಧಾನದ ಗಾಡಿ ಹತ್ತಿದರೆ ಕಾಂದಿವಲಿ, ಆಮೇಲೆ ಮಲಾಡ್, ಎರಡನೆಯ ನಿಲ್ದಾಣ. ಅರ್ಜಿಯನ್ನು ಮನೆಯಲ್ಲಿಯೇ ಕಂಪ್ಯೂಟರಿನಲ್ಲಿ ತುಂಬಿ, ಶುಲ್ಕ ಕಟ್ಟಿ, ಗೊತ್ತುಪಡಿಸಿದ ಹೊತ್ತಿಗೆ ಮೂಲ ಕಾಗದಪತ್ರಗಳೊಂದಿಗೆ ಹೋದರಾಯಿತು. ತಡವಾಗುವುದು ಎಲ್ಲಿಯೆಂದರೆ ವಿಳಾಸದಲ್ಲಿ. ಹಳೆಯ ಪಾಸ್‌ಪೋರ್ಟು ಊರಿನ ಮನೆಯ ವಿಳಾಸದಲ್ಲಿದ್ದು ವಾಸ ಮಾತ್ರ ಇಲ್ಲಿರುವವರು ನಮ್ಮಲ್ಲಿ ಬಹಳ. ಅರ್ಜಿಯಲ್ಲಿ ಈಗಿನ ವಾಸದ ವಿಳಾಸವನ್ನೇ ಕೊಡಬೇಕು, ಅದಕ್ಕೆ ಆಧಾರವೂ ಬೇಕು, ಪೊಲೀಸರು ವಿಚಾರಣೆಗೆ ಬಂದರೆ ಮನೆಯಲ್ಲಿರಬೇಕು. ಆ ವಾರವೇ ಊರಿನ ಕೋಲಕ್ಕೋ ತೇರಿಗೋ ಹೋಗಿ ಕುಳಿತರೆ ಕಾಗದ ಅಲ್ಲಿಯೇ ನಿಲ್ಲುತ್ತದೆ. ನಮ್ಮಂಥ ಸರಕಾರೀ ನೌಕರರು ಇದಲ್ಲದೆ ತಮ್ಮ ಇಲಾಖೆಗೆ ಮುಂಚಿತವಾಗಿ ತಿಳಿಸಿದ ಪತ್ರವನ್ನೋ ನಿರಾಕ್ಷೇಪಣಾ ಪತ್ರವನ್ನೋ ಕೊಡಬೇಕಾಗುತ್ತದೆ. ಈ ಎರಡನೆಯದು ಮೇಜಿನಿಂದ ಮೇಜಿಗೆ ನಡೆಯುವ ವೇಗವನ್ನು ನಾವು ಬಲ್ಲೆವಾದುದರಿಂದ ಹೆಚ್ಚು ಹೇಳುವುದಿಲ್ಲ.

ಈ ಪುಸ್ತಕದ ಮೇಲೆ ನಮಗಿರುವ ಹಕ್ಕಿನ ವಿಷಯವಾಗಿಯೂ ಒಂದು ಮಾತು. 1967ರ ಏಪ್ರಿಲ್ 10ರಂದು ಸತ್ವಂತ್ ಸಿಂಗ್ ಸಾಹನಿಯವರ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಸುಬ್ಬರಾಯರ ಪೀಠವು, ಪರದೇಶಕ್ಕೆ ಹೋಗುವುದು ಪ್ರಜೆಯ ವ್ಯಕ್ತಿಸ್ವಾತಂತ್ರ್ಯದ ಭಾಗವೆಂದೂ ಕಾನೂನಿನ ಆಧಾರವಿಲ್ಲದೆ ಸರಕಾರ ಪಾಸ್‌ಪೋರ್ಟನ್ನು ನಿರಾಕರಿಸುವಂತಿಲ್ಲವೆಂದೂ ಬಹುಮತದಿಂದ ತೀರ್ಪಿತ್ತಿತು. ಆ ಬಳಿಕವೇ, ಅದೇ ವರ್ಷದ ಜೂನ್ 24ರಂದು, ಇಂದಿಗೂ ನಡೆಯುತ್ತಿರುವ ಪಾಸ್‌ಪೋರ್ಟ್ ಕಾಯ್ದೆ ಬಂದಿತು. ಆದರೆ ಅದೇ ಕಾಯ್ದೆಯ ಪ್ರಕಾರ ಪುಸ್ತಕ ಮಾತ್ರ ಕೇಂದ್ರ ಸರಕಾರದ ಸ್ವತ್ತು. ಅದನ್ನು ಹರಿಯದಂತೆ, ನೆನೆಯದಂತೆ ಕಾಯುವುದು ನಮ್ಮ ಕೆಲಸ. ಪುಟ ಉಬ್ಬಿದ, ಅಕ್ಷರ ಅಳಿಸಿದ ಪುಸ್ತಕಕ್ಕೆ ಎಷ್ಟು ವರ್ಷ ಉಳಿದಿದ್ದರೂ ಕಿಟಕಿಯಲ್ಲಿ ತಕರಾರು ತಪ್ಪಿದ್ದಲ್ಲ. ಕೆಟ್ಟುಹೋದದ್ದರ ಬದಲು ಹೊಸದು ಬೇಕೆಂದರೆ ಶುಲ್ಕ 3000. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದುದನ್ನು ಕಂಡ ಊರಿನವರು ಪಾಸ್‌ಪೋರ್ಟನ್ನು ಕಪಾಟಿನ ಕೆಳಗಿನ ಅರೆಯಲ್ಲಿ ಇಡಬಾರದು. ಖಾಲಿ ಪುಟಗಳನ್ನೂ ಎಣಿಸಿಕೊಳ್ಳಿ. ವೀಸಾಕ್ಕೆ ಎರಡು ಪುಟವಾದರೂ ಬರಿದಾಗಿರಬೇಕೆನ್ನುವ ದೇಶಗಳುಂಟು. ತಾರೀಖಿದ್ದೂ ಪುಟವಿಲ್ಲದಿದ್ದರೆ ಅದೂ ಮುಗಿದ ಪಾಸ್‌ಪೋರ್ಟೇ.

ಹೊಸದು ಮಾಡಿಸುವಾಗಲೇ ಹೆಸರನ್ನೂ ನೋಡಿಕೊಳ್ಳುವುದು ಮೇಲು. ನಮ್ಮಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರ ಹಾಕಿಕೊಂಡು ಮನೆತನದ ಹೆಸರಿನ ಕಾಲಂ ಖಾಲಿ ಬಿಡುವುದು ರೂಢಿ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನದವರು ಒಂದೇ ಹೆಸರುಳ್ಳ ಪಾಸ್‌ಪೋರ್ಟಿನವರಿಗೆ ಸಂದರ್ಶಕ ವೀಸಾ ಇಲ್ಲವೆಂದರು. ಕೆಲವೇ ದಿನಗಳಲ್ಲಿ, ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ನಡೆಯುತ್ತದೆಂದು ಸಡಿಲಿಸಿದರು. ಸಡಿಲಿಕೆಯ ಸುದ್ದಿ ಕಿಟಕಿ ಮುಟ್ಟುವವರೆಗೆ ಕಾಯುವುದಕ್ಕಿಂತ ಎರಡೂ ಕಾಲಂಗಳನ್ನು ತುಂಬುವುದು ಸುಲಭ.

ಹಳೆಯ ಪುಸ್ತಕದಲ್ಲಿ ಅಮೆರಿಕದ ಹತ್ತು ವರ್ಷದ ವೀಸಾ ಇದೆ, ಅದು ಹಾಳಾಗುತ್ತದೆಂದು ಕೆಲವರು ಹೊಸದು ಮಾಡಿಸಲು ಹಿಂಜರಿಯುತ್ತಾರೆ. ಹಾಳಾಗುವುದಿಲ್ಲ. ಸೇವಾ ಕೇಂದ್ರದವರು ಹಳೆಯದರ ಮೂಲೆ ಕತ್ತರಿಸಿ, ರದ್ದಾಯಿತೆಂದು ಮುದ್ರೆಯೊತ್ತಿ ಹಿಂದಕ್ಕೆ ಕೊಡುತ್ತಾರೆ. ವೀಸಾದ ಪುಟಕ್ಕೆ ಪೆಟ್ಟಾಗದಿದ್ದರೆ ಅದರ ಅವಧಿ ಮುಗಿಯುವವರೆಗೂ ಅದು ನಡೆಯುತ್ತದೆ. ಅದನ್ನು ಕಿತ್ತು ಹೊಸ ಪುಸ್ತಕಕ್ಕೆ ಅಂಟಿಸುವ ಜಾಣತನ ಮಾತ್ರ ಬೇಡ. ಹಳೆಯದು ಹೊಸದು ಎರಡಕ್ಕೂ ಸೇರಿಸಿ ಒಂದು ರಬ್ಬರು ಬಳೆ ಹಾಕಿ, ಕೈಚೀಲದಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಹಳೆಯದನ್ನು ಹಪ್ಪಳದ ಡಬ್ಬದೊಡನೆ ದೊಡ್ಡ ಪೆಟ್ಟಿಗೆಗೆ ಹಾಕಿದವರು ಇಳಿದ ಮೇಲೆ ಅಧಿಕಾರಿಯ ಎದುರು ತೋರಿಸಲು ಏನೂ ಇಲ್ಲದೆ ನಿಲ್ಲಬೇಕಾಗುತ್ತದೆ.